ಕೂಗದೆ ಉಳುವ ವಿದ್ಯೆ

ಮದುವೆಯಾದ ವಾರದಲ್ಲೇ ಕಂಡಕ್ಟರ್ ಹೆಂಡತಿಗೆ ಮಾತು ಕೊಟ್ಟಿದ್ದ, ಇನ್ನು ಮೇಲೆ ಯಾರ ಮೇಲೂ ಕೂಗಾಡುವುದಿಲ್ಲ ಎಂದು. ಹನ್ನೆರಡು ವರ್ಷ ಬಸ್ಸಿನಲ್ಲೂ ಮನೆಯಲ್ಲೂ ಕೂಗಾಡಿದ ಮೇಲೆ ಅವಳು ತವರಿಗೆ ಹೋಗಿ ಕೂತಳು. ವಾಪಸು ಬರಲು ಅವಳದು ಒಂದೇ ಷರತ್ತು: ಎತ್ತು ಕಟ್ಟಿ ಉಳುವುದನ್ನು ಗುರುಗಳೊಬ್ಬರು ಕಲಿಸುವ ಒಂದು ಹೊಲದಲ್ಲಿ ಒಂದು ತಿಂಗಳು ಇದ್ದು ಪಾಸಾಗಬೇಕು. ದನಗಳ ಮುಂದೆ ದನಿ ಎತ್ತಿದವರಿಗೆ ಅಲ್ಲಿ ಜಾಗವಿಲ್ಲವೆಂದು ಅವಳಿಗೆ ಯಾರೋ ಹೇಳಿದ್ದರು.

ಕೊನೆಯ ದಿನ ಪರೀಕ್ಷೆ. ಹೆಂಡತಿಯೂ ಬಂದು ಛತ್ರಿ ಹಿಡಿದು ಬದುವಿನ ಮೇಲೆ ನಿಂತಳು. ಗುರುಗಳ ಹಳೆಯ ಎತ್ತಿನ ಜೋಡಿಗೆ ಕಾಲುನೋವು. ಹಿಂದಿನ ದಿನವಷ್ಟೇ ಕೊಂಡ ಎತ್ತುಗಳನ್ನು ನೊಗಕ್ಕೆ ಕಟ್ಟಿಕೊಟ್ಟರು.

"ನಡಿಯಪ್ಪಾ," ಎಂದ ಕಂಡಕ್ಟರ್, ನಿದ್ದೆಹೋದ ಮಗುವನ್ನು ಬದಿಗೆ ಸರಿಸುವಂಥ ದನಿಯಲ್ಲಿ. ಎತ್ತುಗಳು ಕಿವಿ ಕೂಡ ಅಲ್ಲಾಡಿಸಲಿಲ್ಲ.

ಜೊತೆಗೆ ಕಲಿಯುತ್ತಿದ್ದವರಿಗೆ ಬಾಯಿ ಬಂತು. ರಿಟೈರಾದ ಮೇಷ್ಟ್ರು ನೇಗಿಲೇ ಓರೆ ಎಂದರು. ನರ್ಸಮ್ಮ ಜ್ವರವಿರಬೇಕೆಂದು ಎತ್ತಿನ ಕಿವಿ ಮುಟ್ಟಿ ನೋಡಿದಳು. ಟೈಲರ್ ಸುಮ್ಮನಿರಲಾರದೆ, ನೊಗದ ಹಗ್ಗ ಎರಡು ಬೆರಳು ಸಡಿಲವಿದೆಯೆಂದು ಎಳೆದು ಬಿಗಿದ. ಎಡಗಡೆಯ ಎತ್ತು ಹಿಂದೆ ಸರಿದು ಕಂಡಕ್ಟರನ ಕಾಲಿನ ಹೆಬ್ಬೆರಳಿನ ಮೇಲೆ ನಿಂತಿತು. ನಿಂತೇ ಇತ್ತು. ಅವನ ಮುಖ ಬೆಂದ ಬೀಟ್‌ರೂಟಿನಂತಾಯಿತು. ಕಾಲು ತೆಗಿ ಕಂದಾ ಎಂದು ಬೇಡಿಕೊಂಡ. ಅದು ಬಾಲ ಎತ್ತಿ ಅವನ ಮೊಣಕಾಲಿಗೆ ಸಗಣಿ ಹಾಕಿತು.

"ಸಮಾಧಾನ ರೀ," ಎಂದರು ಮೇಷ್ಟ್ರು. "ಸ್ವಲ್ಪ ನಗ್ತಾ ಹೇಳಿ ನೋಡಿ."

"ಮುಚ್ಚಯ್ಯಾ ಬಾಯಿ," ಎಂದು ಕಂಡಕ್ಟರ್ ಸಿಡಿದ.

ಅಲ್ಲಿಂದ ಶುರುವಾಯಿತು. ಮೇಷ್ಟ್ರ ವಂಶ, ಟೈಲರನ ಕತ್ತರಿ, ಎತ್ತಿನ ಅಪ್ಪ, ಯಾರನ್ನೂ ಬಿಡಲಿಲ್ಲ. "ಮುಂದಕ್ಕೆ ನಡೀರೋ ಕತ್ತೆಗಳಾ, ಮುಂದೆ ಅಷ್ಟೊಂದು ಜಾಗ ಖಾಲಿ ಬಿದ್ದಿದೆ, ಕಣ್ಣು ಕಾಣಲ್ವಾ?"

ಎತ್ತುಗಳು ನಡೆದವು. ಬೈದಷ್ಟೂ ನಡೆದವು. ಸಾಲು ದಾರ ಹಿಡಿದು ಎಳೆದಂತೆ ನೇರವಾಗಿ ಬಂತು.

ಎತ್ತು ಮಾರಿದ ಪಕ್ಕದ ಹೊಲದ ಅಜ್ಜ ಅಲ್ಲೇ ಕೂತು ನೋಡುತ್ತಿದ್ದ. "ನನ್ನ ಕೈಲಿ ಬೈಸ್ಕೊಂಡೇ ಬೆಳೆದವು ಸ್ವಾಮಿ," ಎಂದ. "ಮೆತ್ತಗೆ ಮಾತಾಡಿದ್ರೆ ಬೇರೆ ಯಾರಿಗೋ ಹೇಳ್ತಿದಾರೆ ಅಂದ್ಕೊಳ್ತವೆ."

ಗುರುಗಳು ಜನ್ಮದಲ್ಲಿ ಯಾರನ್ನೂ ಬೈದವರಲ್ಲ. ಓಡಿಬಂದು ಕಂಡಕ್ಟರನ ಕೈ ಹಿಡಿದುಕೊಂಡು, ಈ ಜೋಡಿಯನ್ನು ನಡೆಸಲು ಇನ್ನೊಂದು ವರ್ಷ ಇದ್ದುಬಿಡಿ ಎಂದು ಗೋಗರೆದರು.

ಹೆಂಡತಿ ಛತ್ರಿ ಮಡಚಿದಳು. "ನಿಮ್ಮ ಮಾತು ಅರ್ಥ ಆಗೋರು ಸಿಕ್ಕಿದ್ರಲ್ಲ. ಇವರ ಜೊತೇಲೇ ಇರಿ."

ಅವಳು ಬಸ್‌ಸ್ಟಾಪಿನ ಕಡೆ ತಿರುಗಿದಳು. ನಿಲ್ಲೇ ಎಂದು ಅವನು ಗಂಟಲು ಹರಿಯುವಂತೆ ಕೂಗಿದ. ಅವಳು ನಿಲ್ಲಲಿಲ್ಲ. ಎತ್ತುಗಳು ನೇಗಿಲಿನ ಸಮೇತ ಅವನನ್ನೂ ಎಳೆದುಕೊಂಡು ಹೊಲದ ಆಚೆ ತುದಿಗೆ ಹೊರಟವು.

ಮದುವೆಯಾದ ವಾರ ಕೊಟ್ಟ ಮಾತು ಈ ಸಲವೂ ಉಳಿಯಲಿಲ್ಲ.