ಹಳದಿ ಟೈರಿನ ಮಹಿಮೆ

ಹಳೇ ಟೈರನ್ನು ಎಸೆಯುವುದು ಅನಾಗರಿಕತೆ ಎಂಬುದು ನನ್ನ ನಂಬಿಕೆ. ಎಂ.ಎಸ್ಸಿ. ಓದಿದ ಮೇಲೆ ನಾನು ಬೇರೆ ಯಾವುದನ್ನೂ ನಂಬುವುದಿಲ್ಲ, ನನ್ನ ನೆನಪನ್ನೂ ಸೇರಿಸಿ. ಹಾಗಾಗಿ ಬಟವಾಡಿಯ ಅಂಗಡಿಯಲ್ಲಿ ಕಾರಿಗೆ ಹೊಸ ಟೈರ್ ಹಾಕಿಸಿದಾಗ ಬಿಚ್ಚಿದವನ್ನೆಲ್ಲ ಮನೆಗೆ ತಂದೆ. ಡಿಕ್ಕಿಯಲ್ಲಿ ಜಾಗ ಸಾಲದೆ ಅಲ್ಲಿದ್ದ ಏನನ್ನೋ ತೆಗೆದು ಹಿಂದಿನ ಸೀಟಿಗೆ ಹಾಕಿದ್ದೆ. ಏನು ಎಂಬುದು ಮರುದಿನವೇ ಮರೆತುಹೋಯಿತು.

ಟೈರ್‌ಗಳನ್ನು ಹೂಕುಂಡವಾಗಿಸುವ ಮಹಾಕಾರ್ಯ ವಿಧ್ಯುಕ್ತವಾಗಿ ಆರಂಭವಾಯಿತು. ಎಲ್ಲಕ್ಕೂ ತಳ ಹೊಂದಿಸಬೇಕಿತ್ತು. ಒಂದಕ್ಕೆ ಮಾತ್ರ ಕಬ್ಬಿಣದ ತಳ ಮೊದಲೇ ಇತ್ತು. ನೀರು ಇಳಿಯಲು ತೂತುಗಳೂ ಇದ್ದವು. ಕುಂಡವಾಗಲೆಂದೇ ಹುಟ್ಟಿದ ಟೈರ್!

"ರೀ, ಇದೊಂದ್ಯಾಕೆ ಹಿಂಗಿದೆ?" ಎಂದಳು ಹೆಂಡತಿ ಶೋಭಾ.

"ಕ್ವಾಲಿಟಿ," ಎಂದೆ.

ಹಳದಿ ಬಣ್ಣ ಬಳಿದು, ಸುತ್ತ ಕೆಂಪು ಚುಕ್ಕಿ ಇಟ್ಟು, ಮಣ್ಣು ತುಂಬಿ ದೊಡ್ಡಪತ್ರೆ ನೆಟ್ಟೆ.

ಮುಂದಿನ ತಿಂಗಳು ಶೋಭಾಳ ತಮ್ಮ ಮಂಜುವಿನ ನಿಶ್ಚಿತಾರ್ಥ, ಕುಣಿಗಲ್ಲಿನ ಹುಡುಗಿಯ ಮನೆಯಲ್ಲಿ. ರಾಹುಕಾಲಕ್ಕೆ ಮೊದಲು ತಟ್ಟೆ ಬದಲಾಯಿಸಬೇಕು. ಸೀರೆ, ಉಂಗುರ, ಹಣ್ಣು, ಅತ್ತೆ, ಶೋಭಾ, ಮಂಜು ಎಲ್ಲ ನನ್ನ ಕಾರಿನಲ್ಲಿ.

"ಅಳಿಯಂದ್ರೇ, ಅವ್ರು ಭಾರಿ ದೈವಭಕ್ತರು. ನೀವು ಪೂಜೆಗೀಜೆ ಆಡ್ಕೊಳ್ತೀರ ಅಂತ ಆಗ್ಲೇ ಅನುಮಾನ ಪಟ್ಟವ್ರೆ. ಇವತ್ತೊಂದಿನ ಬಾಯಿ ಬಿಡಬೇಡಿ," ಎಂದರು ಅತ್ತೆ.

ನಾನು ಬಿಡಲಿಲ್ಲ. ಟೈರ್ ಬಿಟ್ಟಿತು. ಊರು ದಾಟುವ ಮೊದಲೇ ಗುಂಡಿಯ ಕಲ್ಲಿಗೆ ಬಡಿದು ಪಕ್ಕ ಸೀಳಿಕೊಂಡಿತು.

"ಸ್ಟೆಪ್ನಿ ಇದೆಯಲ್ಲ," ಎಂದು ಗತ್ತಿನಿಂದ ಡಿಕ್ಕಿ ತೆರೆದೆ. ಸ್ಟೆಪ್ನಿ ಇರಬೇಕಾದ ಜಾಗ ಖಾಲಿ. ನನ್ನ ಕಣ್ಣ ಮುಂದೆ ದೊಡ್ಡಪತ್ರೆ ಬಂದು ನಿಂತಿತು.

ಶೋಭಾ ಖಾಲಿ ಜಾಗ ನೋಡಿದಳು, ನನ್ನನ್ನು ನೋಡಿದಳು. "ಕ್ವಾಲಿಟಿ," ಎಂದಳು.

"ಭಾವ, ನನ್ ಮದ್ವೇನ ಪಾಟ್‌ನಲ್ಲಿ ನೆಟ್‌ಬಿಟ್ರಲ್ಲ," ಎಂದ ಮಂಜು.

ಪಕ್ಕದ ಮನೆಯ ರಂಗಣ್ಣನಿಗೆ ಫೋನ್ ಮಾಡಿ, ಹಳದಿ ಕುಂಡವನ್ನು ತಕ್ಷಣ ತರಬೇಕೆಂದು ವಿನಂತಿಸಿಕೊಂಡೆ. ಸ್ಕೂಟರಿನಲ್ಲಿ ತಂದೇಬಿಟ್ಟರು, ಗಿಡ ಸಮೇತ.

"ಕೀಳು ಅಂತ ನೀವು ಹೇಳ್ಲಿಲ್ವಲ್ಲ ಸಾರ್."

ಗಿಡ ಕಿತ್ತು, ಮಣ್ಣು ಕೆರೆದು ಚಕ್ರ ಜೋಡಿಸಿದ್ದಾಯಿತು. ರಾಹುಕಾಲವನ್ನು ಬೆನ್ನಿಗೆ ಕಟ್ಟಿಕೊಂಡವನಂತೆ ಓಡಿಸಿ ಹುಡುಗಿಯ ಮನೆ ಮುಂದೆ ನಿಲ್ಲಿಸಿದೆ. ಹುಡುಗಿಯ ದೊಡ್ಡಪ್ಪ ಸ್ವಾಗತಕ್ಕೆ ಬಂದವರು ಚಕ್ರದ ಮುಂದೆ ಬಗ್ಗಿದರು. ಅತ್ತೆ ಕಣ್ಣು ಮುಚ್ಚಿಕೊಂಡರು.

"ನೋಡ್ರಪ್ಪಾ, ಚಕ್ರಕ್ಕೂ ಅರಿಶಿನ ಬಳ್ದು ಕುಂಕುಮ ಇಟ್ಟವ್ರೆ. ಒಂದೆಲೆ ಪತ್ರೇನೂ ಏರ್ಸವ್ರೆ. ಇವ್ರು ದೇವ್ರನ್ನ ನಂಬಲ್ಲ ಅಂದೋನ್ಯಾವನ್ಲಾ?"

ಪೇಂಟು ಎಂದು ಹೇಳಲು ಬಾಯಿ ತೆರೆದೆ. ಅತ್ತೆ ಚಿವುಟಿದರು. ಮುಚ್ಚಿದೆ. ತಟ್ಟೆ ಬದಲಾಯಿತು.

ಅಂದಿನಿಂದ ಆ ಮನೆಯ ವಾಹನಪೂಜೆಗಳಿಗೆಲ್ಲ ನಾನೇ ಮುಖ್ಯ ಅತಿಥಿ. ಮೊನ್ನೆ ಅವರ ಹೊಸ ಟ್ರ್ಯಾಕ್ಟರಿನ ಪೂಜೆಯಲ್ಲಿ ಎಲ್ಲ ಚಕ್ರಕ್ಕೂ ಅರಿಶಿನ ಬಳಿದು, ಸ್ಟೆಪ್ನಿ ಎಲ್ಲಿ ಎಂದು ಗಂಭೀರವಾಗಿ ಹುಡುಕುತ್ತಿದ್ದೆ. ಟ್ರ್ಯಾಕ್ಟರಿಗೆ ಸ್ಟೆಪ್ನಿ ಇರುವುದಿಲ್ಲವಂತೆ.

"ಹಂಗಾದ್ರೆ ಮುಂದಿನ ಸಲ ನಾವೂ ಟ್ರ್ಯಾಕ್ಟರೇ ತಗೊಳ್ಳೋಣ ರೀ," ಎಂದಳು ಶೋಭಾ.