ಮೈಲೇಜಣ್ಣನ ಹಗುರ ಗಾಡಿ

"ಇನ್ನೊಂದು ತಿಂಗಳಲ್ಲಿ ಈ ಗಾಡಿ ಲೀಟರಿಗೆ ಇಪ್ಪತ್ತು ಕಿಲೋಮೀಟರ್ ಕೊಡದೇ ಇದ್ರೆ ನನ್ನ ಹೆಸರೇ ಬದಲಾಯಿಸಿಬಿಡಿ!" ಎಂದು ಅವನು ಗಾಡಿ ಸ್ಟ್ಯಾಂಡಿನಲ್ಲಿ ಎದೆ ತಟ್ಟಿಕೊಂಡು ಹೇಳಿದ. ತಿಂಗಳು ಕಾಯುವ ತಾಳ್ಮೆ ಸ್ಟ್ಯಾಂಡಿನವರಿಗೆಲ್ಲಿ? ಅವತ್ತೇ ಸಂಜೆ ಬದಲಾಯಿಸಿದರು. ಮೈಲೇಜಣ್ಣ!

ಮೈಲೇಜಣ್ಣನದು ಮನೆ ಸಾಮಾನು ಸಾಗಿಸುವ ಹಳೆಯ ಪಿಕಪ್. ದೊಡ್ಡ ಲಾರಿಗಳ ಕಂಪನಿಗಳು ಬಂದ ಮೇಲೆ ಅವನನ್ನು ಕೇಳುವವರು ಕಡಿಮೆಯಾಗಿದ್ದರು. ಬೆಳಿಗ್ಗೆ ಖಾಲಿ ಗಾಡಿ ಒಯ್ದು ಸಂಜೆ ಖಾಲಿ ಗಾಡಿಯನ್ನೇ ವಾಪಸ್ ತರುವ ದಿನಗಳೇ ಹೆಚ್ಚು. ಬಾಡಿಗೆ ಸಿಗುವುದು ಬಿಡುವುದು ಅವನ ಕೈಯಲ್ಲಿರಲಿಲ್ಲ. ಡೀಸೆಲ್ ಸುಡುವುದು ಮಾತ್ರ ಅವನ ಕಾಲಲ್ಲಿತ್ತು. ಹೀಗಾಗಿ ಒಳಗಿದ್ದ ಭಯವನ್ನೆಲ್ಲ ಆ ಬಲಗಾಲಿಗೆ ಒಪ್ಪಿಸಿಬಿಟ್ಟ.

ಮೊದಲನೆಯ ಶಾಸನ: ಬ್ರೇಕ್ ಮಹಾಪಾಪ! ಓಡುತ್ತಿರುವ ಗಾಡಿಯನ್ನು ನಿಲ್ಲಿಸುವುದೆಂದರೆ ಸುಟ್ಟ ಡೀಸೆಲ್ಲನ್ನು ರಸ್ತೆಗೆ ಚೆಲ್ಲಿದ ಹಾಗೆ. ಎರಡನೆಯದು: ಇಳಿಜಾರು ಕಂಡರೆ ನ್ಯೂಟ್ರಲ್. ಮೂರನೆಯದು: ಕಿಟಕಿ ಭದ್ರ. ಗಾಳಿ ಒಳಗೆ ನುಗ್ಗಿದರೆ ಗಾಡಿಯನ್ನು ಹಿಂದಕ್ಕೆ ಎಳೆಯುತ್ತದೆ. ತನ್ನ ಕಾಲಿನ ಮೇಲೇ ನಂಬಿಕೆ ಸಾಲದೆ ಆಕ್ಸಿಲರೇಟರ್ ಕೆಳಗೊಂದು ಮರದ ತುಂಡು ಸಿಕ್ಕಿಸಿದ, ಪೆಡಲ್ ಅರ್ಧಕ್ಕಿಂತ ಕೆಳಗೆ ಹೋಗಲೇಬಾರದು!

ಆಮೇಲೆ ಭಾರ ಇಳಿಸುವ ಯಜ್ಞ ಶುರುವಾಯಿತು. ಸ್ಟೆಪ್ನಿ ಚಕ್ರ ಬಿಚ್ಚಿ ಮಂಚದ ಕೆಳಗೆ ತಳ್ಳಿದ. ಹಿಂಬದಿಯ ಕಬ್ಬಿಣದ ಬಾಗಿಲು ಅಡುಗೆಮನೆಯ ಗೋಡೆಗೆ ಒರಗಿತು. ಡ್ರೈವರ್ ಪಕ್ಕದ ಸೀಟು ನಡುಮನೆಗೆ ಬಂದು ಅತಿಥಿಯ ಹಾಗೆ ಕೂತುಬಿಟ್ಟಿತು. ಪರದೆ ಹೊಲಿದು ಮನೆ ನಡೆಸುತ್ತಿದ್ದ ಹೆಂಡತಿ ತನ್ನ ಹೊಲಿಗೆ ಯಂತ್ರವನ್ನು ಬಚ್ಚಲ ಬಾಗಿಲಿಗೆ ಸರಿಸಬೇಕಾಯಿತು.

"ಗಾಡಿ ಹಗುರ ಆಯ್ತು ಸರಿ, ಮನೆ ಭಾರ ಆಯ್ತಲ್ಲ ರೀ!" ಎಂದಳು.

"ಮನೆ ಓಡೋದಿಲ್ವಲ್ಲ! ಭಾರ ಇದ್ರೆ ಏನು ತೊಂದ್ರೆ?"

"ನಾನು ಗಾಡೀಲಿ ಎಲ್ಲಿ ಕೂತ್ಕೊಳ್ಳಲಿ?"

"ನಿನ್ನ ಹೊಲಿಗೆ ಸ್ಟೂಲ್ ಇದೆಯಲ್ಲ, ಹಗುರವಾಗಿದೆ!"

ಹಿಂಬಾಗಿಲಿಲ್ಲದ ಗಾಡಿಯಿಂದ ಹೊಸದಾಗಿ ಮದುವೆಯಾದವರ ಹಾಸಿಗೆಯೊಂದು ಜಾರಿ ಸರ್ಕಲ್ಲಿನ ನಟ್ಟನಡುವೆ ಅಂಗಾತ ಬಿತ್ತು. ಮೈಲೇಜಣ್ಣನಿಗೆ ಅವರ ಮನೆ ಮುಟ್ಟುವವರೆಗೂ ಅದು ಗೊತ್ತೇ ಆಗಲಿಲ್ಲ. ಗಾಡಿ ಇದ್ದಕ್ಕಿದ್ದಂತೆ ಹಗುರವಾಗಿ ಓಡಿದ್ದನ್ನು ಕಂಡು, ತನ್ನ ಸಾಧನೆಯೆಂದು ದಾರಿಯುದ್ದಕ್ಕೂ ಬೀಗಿದ್ದ! ಇದ್ದೊಬ್ಬ ಕಾಯಂ ಗಿರಾಕಿಯ ತಂಗಿಯ ಹಾಸಿಗೆ ಅದು. ಆ ಬಾಡಿಗೆಯೂ ಹೋಯಿತು.

ಅದನ್ನೂ ಹೆಂಡತಿ ಸಹಿಸಿಕೊಂಡಳು. ಸಹಿಸಲಾಗದ್ದು ಜ್ವರದ ದಿನದ್ದು. ಅವಳ ಮೈ ಕಾದ ಬಾಣಲೆಯಾಗಿತ್ತು. ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಸ್ಟೂಲಿನ ಮೇಲೆ ಓಲಾಡುತ್ತ, "ಹೊಟ್ಟೆ ತೊಳೆಸ್ತಿದೆ, ಕಿಟಕಿ ಇಳಿಸಿ" ಎಂದಳು.

"ಇನ್ನು ಸ್ವಲ್ಪ ದೂರ ತಡ್ಕೊಳ್ಳೇ, ಇವತ್ತು ಓಟ ತುಂಬಾ ಚೆನ್ನಾಗಿ ಬರ್ತಿದೆ!"

ಅವಳು ತಡೆದುಕೊಳ್ಳಲಿಲ್ಲ. ಸೀರೆಯ ಮೇಲೇ ವಾಂತಿಯಾಯಿತು. ಸೈಕಲ್ಲಿನವನೊಬ್ಬ ಅವರನ್ನು ಹಿಂದೆ ಹಾಕಿ, ತಿರುಗಿ ಒಳಗೆ ನೋಡಿ ಹೋದ. ಆವತ್ತಿನಿಂದ ಮನೆಯಲ್ಲಿ ಮಾತು ನಿಂತಿತು. ವಾರ ಕಳೆಯುವಷ್ಟರಲ್ಲಿ ಅವಳು ಚೀಲ ತುಂಬಿಕೊಂಡು ಹೊರಬಂದಳು. "ಅಕ್ಕನ ಮನೆಗೆ ಹೋಗ್ತೀನಿ. ಸಂಜೆ ರೈಲು."

"ಯಾವಾಗ ಬರ್ತೀಯ?"

"ಗೊತ್ತಿಲ್ಲ."

ನಿಲ್ದಾಣದವರೆಗೆ ತಾನೇ ಬಿಡುತ್ತೇನೆಂದು ಮೈಲೇಜಣ್ಣ ಗಾಡಿ ತೆಗೆದ. ಮೋಡ ಕವಿದ ಸಂಜೆ, ಮಂಕು ಬೀದಿ, ಪಕ್ಕದ ಸ್ಟೂಲಿನ ಮೇಲೆ ಮಡಿಲಲ್ಲಿ ಚೀಲವಿಟ್ಟುಕೊಂಡು ಹೆಂಡತಿ. 'ಹೋಗಬೇಡ' ಎನ್ನಬೇಕು, ಅಷ್ಟೇ. ಆ ಒಂದು ಮಾತು ನಾಲಿಗೆಯ ತುದಿಗೆ ಬರುತ್ತಿತ್ತು, ಹಲ್ಲಿಗೆ ತಾಗಿ ವಾಪಸ್ ಹೋಗುತ್ತಿತ್ತು. ಕೊನೆಗೆ ಧೈರ್ಯ ಮಾಡಿ ಬಾಯಿ ತೆರೆದ.

"ನೋಡಿದ್ಯಾ? ಸಿಗ್ನಲ್ ಕೆಂಪಾಗೋ ಮುಂಚೆನೇ ಕಾಲು ತೆಗ್ದೆ!"

ಅವಳು ಮುಚ್ಚಿದ ಕಿಟಕಿಯ ಗಾಜಿನ ಕಡೆ ಮುಖ ತಿರುಗಿಸಿದಳು. ಇಂಥ ನಾಲಿಗೆಯನ್ನು ಇಟ್ಟುಕೊಂಡು ಏನು ಮಾಡಲಿ ಎಂದು ಅವನಿಗೆ ಅಳು ಬಂದ ಹಾಗಾಯಿತು.

ನಿಲ್ದಾಣ ದಿಬ್ಬದ ಆಚೆ ಬದಿಗಿತ್ತು. ದಿಬ್ಬ ಹತ್ತುತ್ತ ಹತ್ತುತ್ತ ಗಾಡಿ ಏದುಸಿರು ಬಿಟ್ಟಿತು. ಒತ್ತಿದರೆ ಪೆಡಲ್ ಇಳಿಯದು, ಮರದ ತುಂಡು! ಬಗ್ಗಿ ಅದನ್ನು ಕಿತ್ತೆಸೆದ. ಗಾಡಿ ಒಮ್ಮೆ ಗುಡುಗಿ, ಮುಗ್ಗರಿಸಿ, ನೆತ್ತಿಗೆ ನಾಲ್ಕು ಮಾರು ಇರುವಾಗ ತಣ್ಣಗಾಯಿತು.

"ಏನಾಯ್ತು?"

"ಡೀಸೆಲ್ ಮುಗಿದಿರಬೇಕು."

"ಹಾಕಿಸಿರಲಿಲ್ವಾ?"

"ಸ್ವಲ್ಪನೇ ಹಾಕಿಸಿದ್ದೆ. ಟ್ಯಾಂಕ್ ತುಂಬಿದ್ರೆ ಅದೂ ಭಾರ ತಾನೇ?"

ಹೆಂಡತಿ ಬೈಯುತ್ತಾಳೆಂದು ಕಾದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು! ಅವಳು ಚೀಲವನ್ನು ಪಕ್ಕಕ್ಕಿಟ್ಟು, "ಇಳೀರಿ" ಎಂದಳು. ತಾನೇ ಸ್ಟಿಯರಿಂಗ್ ಹಿಂದೆ ಕೂತಳು. ಮದುವೆಯಾದ ಹೊಸತರಲ್ಲಿ ಅವಳಿಗೆ ಗಾಡಿ ಕಲಿಸಿದ್ದವನು ಇವನೇ. ಆಗ ಅವಳು ಬ್ರೇಕ್ ಹಿಡಿದಾಗಲೆಲ್ಲ ನಗುತ್ತಿದ್ದ.

"ತಳ್ಳಿ" ಎಂದಳು.

ತಳ್ಳಿದ. ಹಗುರ ಗಾಡಿಯಲ್ಲವೇ, ಹೂವಿನ ಹಾಗೆ ಸರಿಯಿತು! ನೆತ್ತಿ ದಾಟಿ ಮೂಗು ಕೆಳಗೆ ಮಾಡಿತು. ಕೆಳಗೆ ನಿಲ್ದಾಣದ ದೀಪಗಳು ಕಂಡವು. ಗಾಡಿ ತಾನಾಗಿ ಉರುಳತೊಡಗಿದಾಗ, ಇಷ್ಟು ದಿನದ ಅಭ್ಯಾಸಬಲದಿಂದ ಮೈಲೇಜಣ್ಣನ ಬಾಯಿಂದ ಹೊರಬಂದೇಬಿಟ್ಟಿತು: "ಬ್ರೇಕ್ ಹಿಡೀಬೇಡ! ಓಟ ಹಾಳಾಗುತ್ತೆ!"

ಅವಳು ಹಿಡಿಯಲಿಲ್ಲ.

ಹಿಂದಿನಿಂದ ಹತ್ತಿಕೊಳ್ಳಲು ಕೈ ಚಾಚಿದ. ಹಿಂಬಾಗಿಲು ಎಲ್ಲಿದೆ? ಅಡುಗೆಮನೆಯಲ್ಲಿ! ಗಾಳಿಯನ್ನು ಹಿಡಿದು ಮುಗ್ಗರಿಸಿದ. "ನಿಲ್ಸೇ! ಹೋಗಬೇಡ ಕಣೇ!" ಎಂದು ಕೂಗಿದ. ಇಷ್ಟು ಹೊತ್ತೂ ಬರದಿದ್ದ ಮಾತು ಈಗ ದಿಬ್ಬವೆಲ್ಲ ಕೇಳುವಂತೆ ಬಂತು. ಕೇಳಬೇಕಾದವಳು ಮಾತ್ರ ತಿರುವು ದಾಟಿದ್ದಳು.

ಅವನು ಓಡಿದ, ನಡೆದ, ಮತ್ತೆ ಓಡಿದ. ನಿಲ್ದಾಣ ಮುಟ್ಟುವಾಗ ರೈಲಿನ ಕೊನೆಯ ಡಬ್ಬಿಯ ಕೆಂಪು ದೀಪ ದೂರದಲ್ಲಿ ಸಣ್ಣದಾಗುತ್ತಿತ್ತು. ಪಿಕಪ್ ಸಾಲಿನಲ್ಲಿ ಗೆರೆ ತಪ್ಪದೆ ನಿಂತಿತ್ತು. ಅದರ ಎರಡೂ ಕಿಟಕಿಗಳು ಪೂರ್ತಿ ಕೆಳಗಿಳಿದಿದ್ದವು. ತೊಟ್ಟು ಡೀಸೆಲ್ ಸುಡದೆ ಅಷ್ಟು ದೂರ ಬಂದ ಗಾಡಿ! ಯಾರೂ ಕಾಣದ ಮೈಲೇಜು!

ಗೇಟಿನ ಕಾವಲುಗಾರ ಕೀಲಿ ತಂದು ಕೈಗಿಟ್ಟ. "ಅಮ್ಮಾವ್ರು ಕೊಟ್ಟು ಹೋದ್ರು."

"ಏನಾದ್ರೂ ಹೇಳಿದ್ರಾ?"

"ಸೀಟು ವಾಪಸ್ ಜೋಡಿಸಿದ ಮೇಲೆ ಫೋನ್ ಮಾಡ್ಬೇಕಂತೆ, ಅದಕ್ಕೆ ಮುಂಚೆ ಬೇಡ್ವಂತೆ."

"ಅಷ್ಟೇನಾ?"

"ಇನ್ನೊಂದು ಹೇಳಿದ್ರಪ್ಪ, ನಂಗೆ ಅರ್ಥ ಆಗ್ಲಿಲ್ಲ." ಕಾವಲುಗಾರ ತಲೆ ಕೆರೆದುಕೊಂಡ. "ಅವರು ಬೇಜಾರು ಮಾಡ್ಕೊಳ್ಳೋದು ಬೇಡ, ಬ್ರೇಕ್ ಒಂದೇ ಒಂದು ಸಲ ಹಿಡಿದೆ, ಅದೂ ಇಲ್ಲಿ ಇಳಿಯೋಕೆ ಅಂತ ಹೇಳ್ಬಿಡಿ ಅಂದ್ರು."