ಪನ್ನೀರು ಚಿಮುಕಿಸುವ ಪ್ರದರ್ಶನ ಕಲೆ

ಆಗುವುದೇ ಇಲ್ಲ ಎಂದವನು ನನ್ನ ಸೋದರಮಾವ ಫಕೀರಪ್ಪ. ನಮ್ಮ ಮನೆತನದ ಬ್ಯಾಂಡ್ ಕಂಪನಿಯ ಕ್ಲಾರಿನೆಟ್ ವಾದಕ. ಯಾರೂ ಕೇಳದಿದ್ದರೂ ಭವಿಷ್ಯ ನುಡಿಯುವುದು ಅವನ ಉಪವೃತ್ತಿ. ಪಿಯುಸಿ ಪಾಸಾದ ನಾನು ತಬಲಾ ಬಾರಿಸುವುದರಲ್ಲೇ ಡಿಗ್ರಿ ಮಾಡುತ್ತೇನೆ ಎಂದ ದಿನ ಹೊಟ್ಟೆ ಹಿಡಿದುಕೊಂಡು ನಕ್ಕ.

"ಬಡಿಯೂದಕ್ಕ ಡಿಗ್ರಿ? ನಾಳೆ ಉಣ್ಣೂದಕ್ಕೂ ಕೊಡ್ತಾರೇನ್ ಮತ್ತ? ಈ ಜನ್ಮದಾಗ ಆಗೂದಲ್ಲ ಬಿಡವಾ ರೇಣಿ."

ನಮ್ಮ ಮನೆಯ ಗಂಡಸರೆಲ್ಲ ಹುಬ್ಬಳ್ಳಿಯ ಮದುವೆಗಳಲ್ಲಿ ಬಾರಿಸುವವರು. ಡಿಗ್ರಿ ಮುಟ್ಟಿದವರು ಒಬ್ಬರೂ ಇಲ್ಲ. ಹೆಣ್ಣುಮಕ್ಕಳು ವಾದ್ಯವನ್ನೂ ಮುಟ್ಟುವಂತಿಲ್ಲ. ಅಪ್ಪ ಕೊರಳಿಗೆ ತಾಶಾ ಕಟ್ಟಿಕೊಂಡು ಎರಡು ಕಡ್ಡಿಯಿಂದ ಬಾರಿಸುವುದನ್ನು ನೋಡಿ ನೋಡಿ, ಎಣ್ಣೆ ಡಬ್ಬಿ ಬೋರಲು ಹಾಕಿಕೊಂಡು ಕಲಿತವಳು ನಾನು.

ಅಪ್ಪ ನಗಲಿಲ್ಲ. ಗಡುವು ಕೊಟ್ಟ. "ಅಡ್ಮಿಶನ್ ಮುಗಿಯೂದ್ರೊಳಗ ಕಾಲೇಜ್ ಹುಡಿಕ್ಕೋ. ಸಿಗಲಿಲ್ಲಂದ್ರ ಧಾರವಾಡದ ಆಚಿ ಬೇಲೂರು ಇಂಡಸ್ಟ್ರಿಯಲ್ ಏರಿಯಾದಾಗ ಪ್ಯಾಕಿಂಗ್ ಕೆಲಸಕ್ಕ ಮಾತಾಡೇನಿ."

ಕಾಲೇಜು ಹುಡುಕುವುದೇನು ಮಹಾ! ಮನೆಯಲ್ಲಿ ಇಂಗ್ಲಿಷ್ ಓದಬಲ್ಲವಳು ನಾನೊಬ್ಬಳೇ.

ಕೇಶ್ವಾಪುರದ ಒಂದು ಕಾಲೇಜಿಗೆ ಹೋದೆ. ಸಂಗೀತ ವಿಭಾಗಕ್ಕೆ ಬೀಗ. ಕಿಟಕಿಯಿಂದ ಇಣುಕಿದರೆ ಒಳಗೆ ಗ್ಯಾದರಿಂಗ್ ನಾಟಕದ ರಟ್ಟಿನ ಕಿರೀಟಗಳು, ಮುರಿದ ಬೆಂಚುಗಳು. "ಹುಡುಗ್ರು ಬಂದ್ರ ಮಾಸ್ತರ್‍ನ ತರಸ್ತೀವ್ರಿ," ಎಂದರು ಗುಮಾಸ್ತರು. ಮಾಸ್ತರರೇನು ಗ್ಯಾಸ್ ಸಿಲಿಂಡರೇ?

ಮುಂದೆ ಬೈರಿದೇವರಕೊಪ್ಪದ ಗಾಜಿನ ಕಟ್ಟಡ. ಬ್ರೋಷರಿನ ಪುಟಪುಟದಲ್ಲೂ ಹಾರುವ ನರ್ತಕಿಯರು. ಕೋಟು ತೊಟ್ಟ ಡೈರೆಕ್ಟರ್ ಎದ್ದು ನಿಂತು, "ನಮ್ಮಲ್ಲಿ ಥಿಯರಿ ಕಮ್ಮಿ, ಪ್ರಾಕ್ಟಿಕಲ್ ಜಾಸ್ತಿರಿ ಮೇಡಂ," ಎಂದ. ಹುಟ್ಟಿದಾಗಿನಿಂದ ನನ್ನನ್ನು ಯಾರೂ ಮೇಡಂ ಎಂದಿರಲಿಲ್ಲ. ಅಲ್ಲೇ ಸಹಿ ಹಾಕಿದೆ!

ಮನೆಗೆ ಬಂದು ಮಾವನಿಗೆ ಪ್ರದರ್ಶನ ಕಲೆಯ ಪ್ರಾಯೋಗಿಕ ಅಧ್ಯಯನದ ಬಗ್ಗೆ ಭಾಷಣವನ್ನೂ ಬಿಗಿದೆ. "ಇನ್ನು ರಂಗದ ಮ್ಯಾಲ ನೋಡು ನನ್ನ," ಎಂದೆ.

ಪ್ರಾಯೋಗಿಕ ಅಧ್ಯಯನವೆಂದರೆ ಏನು? ಕಲ್ಯಾಣ ಮಂಟಪಗಳ ಬಾಗಿಲಲ್ಲಿ ನಿಂತು ಅತಿಥಿಗಳಿಗೆ ಪನ್ನೀರು ಚಿಮುಕಿಸುವುದು. ಎದೆ ತುಂಬಿ ಹಾಡುವ ಹುಡುಗನ ಕೈಗೆ ಶರಬತ್ತಿನ ತಟ್ಟೆ. ಭರತನಾಟ್ಯದ ಹುಡುಗಿಯ ಕೈಗೆ ಕುಂಕುಮದ ಬಟ್ಟಲು. ಬರೆಯುವಾಗ ಈಗಲೂ ನನ್ನ ರಕ್ತ ಕುದಿಯುತ್ತದೆ. ಕಲಿಯಲು ಬಂದ ಮಕ್ಕಳನ್ನು ಬಾಗಿಲ ಗೊಂಬೆ ಮಾಡುವವರಿಗೆ ಏನೆನ್ನಬೇಕು?

"ತಬಲಾ ಯಾವಾಗ್ರಿ ಸರ್?" ಎಂದು ಕೇಳಿದೆ.

"ಮೊದಲ ಬಾಡಿ ಲ್ಯಾಂಗ್ವೇಜ್ ಬರಲಿ ಮೇಡಂ. ನಗೂದಕ್ಕ ಮಾರ್ಕ್ಸ್ ಅದಾವ್ರಿ. ಹಲ್ಲು ಕಾಣ್ಸಲಿ."

ಹಲ್ಲು ಕಾಣಿಸುತ್ತಲೇ ಒಂದು ಭಾನುವಾರ ವಿದ್ಯಾನಗರದ ಮಂಟಪವೊಂದರ ಬಾಗಿಲಲ್ಲಿ ನಿಂತಿದ್ದೆ. ವರನ ಮೆರವಣಿಗೆ ಬಂತು. ಮುಂದೆ ಬ್ಯಾಂಡು. ಬ್ಯಾಂಡಿನ ಮುಂದೆ ಫಕೀರಪ್ಪ ಮಾವ! ಪಕ್ಕದಲ್ಲಿ ಅಪ್ಪ!

ಮಾವನ ಕ್ಲಾರಿನೆಟ್ಟು ಕೀಂಯ್ ಎಂದಿತು. ನೆಟ್ಟಗೆ ನನ್ನ ಬಳಿಗೇ ಬಂದ. "ಏ ರೇಣಿ! ಇದ ಏನ್ ನಿನ್ನ ರಂಗ?"

ಹಿಂದಿನಿಂದ ಡೈರೆಕ್ಟರ್, "ಸ್ಮೈಲ್ ಮೇಡಂ, ಸ್ಮೈಲ್!"

ಮಾರ್ಕ್ಸಿನ ಪ್ರಶ್ನೆ. ನಕ್ಕೆ.

"ನಗ್ತಿ? ಇದರ ಮ್ಯಾಲ ನಗ್ತಿ?" ಎಂದು ಮಾವ ಇನ್ನಷ್ಟು ಸಮೀಪ ಬಂದ. ಹಿಂದೆ ಸರಿಯಹೋದೆ. ಪನ್ನೀರುದಾನಿ ಪೂರ್ತಿ ಅವನ ಎರಡೂ ಕಣ್ಣಿಗೆ!

"ಯಪ್ಪಾ, ಸತ್ನ್ಯೋ!"

ಕ್ಲಾರಿನೆಟ್ ನಿಂತಿತು. ಅಪ್ಪ ತಾಶಾ ಕೆಳಗಿಟ್ಟು ಮಾವನ ಕಣ್ಣು ಒರೆಸಲು ಓಡಿದ. ಉಳಿದ ವಾದ್ಯಗಳೂ ನಿಂತವು; ಕುದುರೆಯ ಮೇಲೆ ವರ ಕತ್ತು ಉದ್ದ ಮಾಡಿ ನೋಡಿದ. ಬೀಗರ ಕಡೆಯ ಅಜ್ಜನೊಬ್ಬ ಕೂಗಿದ: "ವಾದ್ಯಾ ಯಾಕ ನಿಂತ್ವು? ಶಕುನ ಛಲೋ ಅಲ್ಲ! ಲಗೂ ಬಾರಸ್ರಿ!"

ಆಗ ನನಗೆ ಏನಾಯಿತೋ. ಮಾವನ ಮೇಲಿನ ಸಿಟ್ಟು, ಡೈರೆಕ್ಟರನ ಮೇಲಿನ ಸಿಟ್ಟು, ಮೇಡಂ ಎಂದೊಡನೆ ಕರಗಿದ ನನ್ನ ಮೇಲಿನ ಸಿಟ್ಟು, ಎಲ್ಲ ಸೇರಿ ಕೈಗೆ ಇಳಿಯಿತು. ತಾಶಾ ಕೊರಳಿಗೆ ಹಾಕಿಕೊಂಡು ಬಾರಿಸಿದೆ. ಬೀದಿ ನಡುಗುವಂತೆ ಬಾರಿಸಿದೆ. ಹುಡುಗರು ಕುಣಿದರು. ಕುದುರೆ ಓಟಕ್ಕೆ ಬಿತ್ತು. ಸಿಟ್ಟಿಗೆ ಲಯ ಎಲ್ಲಿದೆ? ನಾನು ಓಡಿದಂತೆ ಮೆರವಣಿಗೆಯೂ ಓಡಿತು. ಮಂಟಪ ದಾಟಿತು. ಪಕ್ಕದ ಮಂಟಪದ ಒಳಗೇ ನುಗ್ಗಿತು! ಅಲ್ಲಿಯ ಹೆಣ್ಣಿನ ತಾಯಿ ನಮ್ಮ ವರನಿಗೆ ಭಕ್ತಿಯಿಂದ ಆರತಿ ಎತ್ತಿದರು. ಅವರ ಸ್ವಂತ ಅಳಿಯ ಆಗಲೇ ಒಳಗೆ ಕುಳಿತು ಉಪ್ಪಿಟ್ಟು ತಿನ್ನುತ್ತಿದ್ದ.

ಸಂಸ್ಥೆಯು ನನ್ನನ್ನು ಅಂದೇ ಗೌರವಪೂರ್ವಕವಾಗಿ ಹೊರಗಟ್ಟಿತು. "ನಾಳೆನ ಬೇಲೂರಿಗೆ ನಡಿ," ಎಂದ ಮಾವ, ಕೆಂಪು ಕಣ್ಣು ತಿಕ್ಕುತ್ತ. ಅಪ್ಪನೂ ತಲೆಯಾಡಿಸಿದ. ಅಡ್ಮಿಶನ್ನಿಗೆ ಉಳಿದಿದ್ದದ್ದೂ ಆ ಸೋಮವಾರ ಒಂದೇ.

ಬೇಲೂರಿಗೆ ಹೊರಟವಳು ಧಾರವಾಡದಲ್ಲೇ ಇಳಿದೆ. ಈ ಸಲ ಬ್ರೋಷರ್ ಮುಟ್ಟಲಿಲ್ಲ. ಸಂಗೀತ ಕಲಿಸುತ್ತೇವೆ ಎನ್ನುವ ಪ್ರತಿ ಕಟ್ಟಡದ ಕಿಟಕಿಯ ಕೆಳಗೆ ಕಳ್ಳಿಯಂತೆ ನಿಂತು ಕೇಳಿದೆ. ಒಂದು ಕಡೆ ಫ್ಯಾನಿನ ಸದ್ದು. ಇನ್ನೊಂದು ಕಡೆ ಮೊಬೈಲ್ ಹಾಡು. ಬಣ್ಣ ಹೋದ ಮೂರನೆಯ ಕಟ್ಟಡದಿಂದ ತಬಲಾ ಕೇಳಿಸಿತು, ಅದರ ಹಿಂದೆಯೇ ಬೈಗುಳ.

"ರೈಲ್ ತಪ್ಪತೈತೇನ್ ನಿನಗ? ತಾಳ ಬಿಟ್ಟು ಯಾಕ ಓಡ್ತಿ? ಮೊದಲಿಂದ ಬಾರಸು!"

ಬೈಯಬೇಕಾದರೆ ಯಾರೋ ಕಿವಿಗೊಟ್ಟು ಕೇಳುತ್ತಿದ್ದಾರೆ ಎಂದಾಯಿತು. ಒಳಗೆ ಹೋದೆ. ಬೈಯುತ್ತಿದ್ದ ಟೀಚರ್ ಬೆಂಚಿನ ಮೇಲೆ ಬಾರಿಸಿ ತೋರಿಸು ಎಂದರು. ಬಾರಿಸಿದೆ.

"ಯಾರ ಹತ್ರ ಕಲ್ತಿ?"

"ಎಣ್ಣಿ ಡಬ್ಬಿ ಹತ್ರರಿ."

"ಡಬ್ಬಿ ಛಲೋ ಕಲಿಸೇತಿ. ನೀನ ಓಡ್ತಿ. ಸೀಟ್ ಐತಿ, ಹೋಗಿ ಫೀ ತುಂಬು."

ಗಡುವಿನೊಳಗೇ ಸಿಕ್ಕಿತಲ್ಲ, ಅಪ್ಪ ಒಪ್ಪಿದ. ಮೂರು ವರ್ಷ ಬೈಸಿಕೊಂಡೆ. ಮಾವ ಮೊದಲ ವರ್ಷ ಮಾತು ಬಿಟ್ಟಿದ್ದ. ಬೈರಿದೇವರಕೊಪ್ಪದ ಗಾಜಿನ ಕಟ್ಟಡದ ಮುಂದೆ ಇವತ್ತಿಗೂ ಫ್ಲೆಕ್ಸ್ ನಿಂತಿದೆ. ಅದರಲ್ಲಿ ಪನ್ನೀರುದಾನಿ ಹಿಡಿದು ಹಲ್ಲು ಕಿಸಿದವಳು ನಾನೇ! ಹರಿದು ಹಾಕಲು ಹೋಗಿ ವಾಚ್‌ಮನ್ ಕೈಲೂ ಬೈಸಿಕೊಂಡು ಬಂದೆ.

ಪದವಿ ಪ್ರಮಾಣಪತ್ರ ಕೈಗೆ ಬಂದ ದಿನ ಅದನ್ನು ನೆಟ್ಟಗೆ ಅಪ್ಪನ ಮುಂದೆ ಹಿಡಿದೆ. ಮನೆತನದ ಮೊದಲ ಪದವೀಧರೆ! ಅಪ್ಪ ಕೈ ತೊಳೆದುಕೊಂಡು ಬಂದು, ಅಂಚು ಮಾತ್ರ ಹಿಡಿದು, ಸಿಕ್ಕಾ ಮುದ್ರೆಯ ಮೇಲೆ ಬೆರಳಾಡಿಸಿದ. ಅವನ ಕಣ್ಣು ತುಂಬಿತು. ಆಶೀರ್ವಾದಕ್ಕೆಂದು ನಾನು ಬಗ್ಗಿದೆ.

"ಭಾಳ ಛಲೋ ಆತವಾ," ಎಂದ, ತಲೆಯ ಮೇಲೆ ಕೈಯಿಟ್ಟು. "ಸಾಲಿ ಮುಗೀತು. ಇನ್ನರ ಬಾರಸೂದು ಕಲಿ."